ಕೆನ್ನೆಗೆ ಹಿಡಿದ ಉಕ್ಕು

ಕರ್ಪೂರದ ವಾಸನೆ ಬಂದರೆ ಬೇರೆಯವರಿಗೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಮೇಸ್ತ್ರಿಯವರು. ಈ ಸೋಮವಾರ ಹೊಸ ಆರ್ಡರಿನ ಮೊದಲ ಶಾಫ್ಟ್ ಅಳೆಯಲೆಂದು ಅವರ ಮೈಕ್ರೋಮೀಟರಿನ ಮರದ ಪೆಟ್ಟಿಗೆ ತೆರೆದೆ. ಮೂಲೆಯಲ್ಲಿದ್ದ ಕರ್ಪೂರದ ಬಿಲ್ಲೆ ಕರಗಿ ಕಡಲೆಬೇಳೆಯಷ್ಟಾಗಿತ್ತು. ಕಡಲ ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯದಿರಲಿ ಎಂದು ಅವರು ಇಡುತ್ತಿದ್ದರು. ಈಗ ನಾನು ಇಡುತ್ತೇನೆ.

ಕೋಟೇಶ್ವರದ ಹತ್ತಿರದ ಈ ವರ್ಕ್‌ಶಾಪಿಗೆ ನಾನು ಬಾರ್ಕೂರಿನಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದ ಕಾಲದ ಮಾತು ಇದು. ಮೇಸ್ತ್ರಿಯವರು ಪಕ್ಕದ ಬೀಜಾಡಿಯವರು. ಮುಂಬೈಯಲ್ಲಿ ಅರ್ಧ ಆಯುಷ್ಯ ಕೈಯಲ್ಲೇ ನಡೆಸುವ ಹಳೆಯ ಲೇತಿನ ಮುಂದೆ ನಿಂತು ಊರಿಗೆ ಮರಳಿದವರನ್ನು ಧಣಿಗಳು ಕರೆದು ತಪಾಸಣೆಯ ಮೇಜಿಗೆ ಕೂರಿಸಿದ್ದರು. ನಾನು ಇಲ್ಲಿಗೆ ಬಂದ ಮೊದಲ ಸಿಎನ್‌ಸಿ ಲೇತಿನ ಆಪರೇಟರ್. ಅಂಕಿ ಕೊಟ್ಟರೆ ಸಾಕು, ಟೂಲ್ ತಾನೇ ಓಡಿ ಪಂಪಿನ ಶಾಫ್ಟನ್ನು ನೂಲೆಳೆದ ಹಾಗೆ ಕೊರೆದು ಕೊಡುತ್ತಿತ್ತು. ನನ್ನ ತಲೆಯ ಮೇಲೆ ಕೋಡು ಮೂಡಿದ್ದು ಆಗಲೇ.

ಮೇಸ್ತ್ರಿಯವರಿಗೊಂದು ಅಭ್ಯಾಸವಿತ್ತು. ಯಾವ ಶಾಫ್ಟನ್ನಾದರೂ ಅಳೆಯುವ ಮೊದಲು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ಕೂರುತ್ತಿದ್ದರು. ಸ್ವಲ್ಪ ಬೆಚ್ಚಗಿದ್ದರೂ ಪಕ್ಕಕ್ಕಿಟ್ಟು ಕಾಯುತ್ತಿದ್ದರು.

“ಕಬ್ಬಿಣಕ್ಕೂ ಜ್ವರ ಬತ್ತ್ ಮಾರಾಯ. ಜ್ವರ ಇಪ್ಪ ಹೊತ್ತಿಗೆ ಅಳ್ದ್ರೆ ಅದ್ ಸುಳ್ಳ್ ಹೇಳತ್ತ್.”

ಮಾತು ನಿಜವೇ. ಬಿಸಿಯಾದ ಉಕ್ಕು ಕೂದಲೆಳೆಯಷ್ಟು ಹಿಗ್ಗಿರುತ್ತದೆ, ತಣಿದ ಮೇಲೆ ಕುಗ್ಗುತ್ತದೆ. ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೂ ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು, ಮೇಸ್ತ್ರಿ ಶಾಫ್ಟಿಗೆ ಮುತ್ತು ಕೊಡುತ್ತಾರೆ ಎಂದು. ಹೆಚ್ಚು ನಗುತ್ತಿದ್ದವನು ನಾನೇ.

ಒಂದು ಮಧ್ಯಾಹ್ನ ನಲವತ್ತು ಶಾಫ್ಟುಗಳ ಲಾಟು ನಾಲ್ಕು ಗಂಟೆಯ ಲಾರಿಗೆ ಹೋಗಬೇಕಿತ್ತು. ಉಕ್ಕನ್ನು ತಣಿಸುವ ಕೂಲೆಂಟಿನ ಪೈಪು ಕಟ್ಟಿಕೊಂಡು ನೀರು ಹನಿಹನಿಯಾಗಿ ಬೀಳುತ್ತಿತ್ತು. ಬಿಚ್ಚಿ ತೊಳೆಯಲು ಹೊತ್ತಾಗುತ್ತದೆಂದು ಹಾಗೆಯೇ ಓಡಿಸಿದೆ. ಮೊದಲ ಶಾಫ್ಟನ್ನು ಬಿಸಿಬಿಸಿಯಾಗಿಯೇ ಅಳೆದೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ದಪ್ಪ ಕಂಡಿತು. ಅಷ್ಟು ಸಣ್ಣಗಾಗುವಂತೆ ಮೆಷಿನ್ನಿನಲ್ಲಿ ಅಂಕಿ ತಿದ್ದಿ ಅದನ್ನೂ ಉಳಿದದ್ದನ್ನೂ ಕೊರೆದೆ. ಲಾಟಿನ ಮಾದರಿಯೆಂದು ಕೊನೆಯ ಐದನ್ನು ಮೇಸ್ತ್ರಿಯವರ ಮೇಜಿಗೆ ಒಯ್ದಾಗ ಅವರು ಶಾಲು ಹೊದ್ದು ಕೂತಿದ್ದರು. ಮೂರು ದಿನದ ಜ್ವರ, ರಜೆ ಹಾಕಿರಲಿಲ್ಲ.

“ನನ್ ಕೆನ್ನಿಯೇ ಸುಡ್ತಾ ಇತ್ತ್. ಇವತ್ತ್ ನಂಗೆ ಗೊತ್ತಾತ್ತಿಲ್ಲೆ. ನೀ ಹಿಡ್ದ್ ಕಾಣ್, ತಣ್ದಿತಾ?”

“ತಣ್ದಿತ್. ತೆಗ್ದ್ ಒಂದ್ ಗಂಟಿ ಆಯ್ತ್,” ಅಂದೆ. ಹಿಡಿದು ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಅವು ಬಿಸಿಯಿವೆ ಎಂದು ನನಗೆ ಗೊತ್ತಿತ್ತು.

ಅವರು ಐದನ್ನೂ ಅಳೆದರು. ಎಲ್ಲ ಸರಿಯಾಗಿ ಬಂತು. ಸಹಿ ಹಾಕಿದರು.

ವಾರ ಕಳೆದು ಲಾಟು ಪೂರ್ತಿ ಹಿಂದಕ್ಕೆ ಬಂತು. ನಲವತ್ತೂ ಸಣ್ಣ. ಧಣಿಗಳು ಮೇಜಿನ ಹತ್ತಿರ ನಿಂತು ಯಾರ ತಪ್ಪು ಇದು ಎಂದು ಕೇಳಿದರು. ಮೇಸ್ತ್ರಿಯವರು ಒಂದು ಶಾಫ್ಟ್ ತೆಗೆದು ಅಳೆದರು, ಕನ್ನಡಕ ಒರೆಸಿ ಮತ್ತೆ ಅಳೆದರು.

“ಅಳ್ದದ್ದ್ ನಾನೇ. ಕಣ್ ತಪ್ಪಿತ್ ಕಾಣತ್ತ್,” ಎಂದರು.

ಆ ತಿಂಗಳು ನನ್ನನ್ನು ಕಾಯಂ ಮಾಡುವ ಮಾತು ನಡೆದಿತ್ತು. ನಾನು ಮೆಷಿನ್ನಿನ ಪರದೆ ನೋಡುತ್ತಾ ನಿಂತೆ. ಅದರಲ್ಲಿ ಏನೂ ಇರಲಿಲ್ಲ... ಬಾಯಿ ಬಿಡಲು ಸಾಕಷ್ಟು ಸಮಯವಿತ್ತು. ಬಿಡಲಿಲ್ಲ.

ಅವರನ್ನು ಯಾರೂ ಹೋಗಿ ಎನ್ನಲಿಲ್ಲ. ಶನಿವಾರ ಅವರೇ ಕೆಲಸ ಬಿಟ್ಟರು; ಮೇಜು ಒರೆಸಿ, ಈ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. “ನಿನ್ ಕಣ್ ಚುರುಕ್ ಇತ್ತ್. ನೀ ಇಟ್ಕೋ.” ಗೇಟಿನ ತನಕ ಕೂಡ ನಾನು ಹೋಗಲಿಲ್ಲ.

ಆಮೇಲೆ ನಾನು ಕಾಯಂ ಆದೆ, ಎರಡನೆಯ ಮೆಷಿನ್ ಬಂತು, ಮೂರನೆಯದೂ ಬಂತು. ಮನಸ್ಸಿಗೊಂದು ಸಮಾಧಾನ ಕಟ್ಟಿಕೊಂಡಿದ್ದೆ. ಅಂಥ ಮೇಸ್ತ್ರಿಗೆ ತಿಳಿಯದೆ ಇರುತ್ತದೆಯೇ? ಎಲ್ಲ ಗೊತ್ತಿದ್ದೇ ನನ್ನನ್ನು ಉಳಿಸಿದರು, ಕ್ಷಮಿಸಿದ್ದಕ್ಕೇ ಮೈಕ್ರೋಮೀಟರ್ ಕೊಟ್ಟರು ಎಂದುಕೊಂಡೆ. ಹಾಗೆ ಅಂದುಕೊಂಡರೆ ಊಟ ಸೇರುತ್ತಿತ್ತು. ಬೀಜಾಡಿಗೆ ನಡೆದು ಹೋಗುವಷ್ಟು ದಾರಿ. ನಾಳೆ ಹೋದರಾಯಿತು ಎನ್ನುತ್ತಾ ಆರು ವರ್ಷ ಕಳೆದೆ... ಕೊನೆಗೆ ಹೋದದ್ದು ಅವರು ತೀರಿಕೊಂಡ ಹದಿನೈದನೆಯ ದಿನ.

ಅವರ ಹೆಂಡತಿ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಕಿಟಕಿಯ ದಂಡೆಯ ಮೇಲೆ ಒಂದು ಶಾಫ್ಟ್ ಇತ್ತು. ನನ್ನದೇ ಲಾಟಿನದ್ದು, ನೋಡಿದ ಕೂಡಲೇ ಗುರುತು ಸಿಕ್ಕಿತು. ಹಿಡಿದು ಹಿಡಿದು ನುಣುಪಾಗಿತ್ತು.

“ಅದನ್ನ ದಿನಾ ಕೈಯಂಗ್ ಹಿಡ್ಕಂಡ್ ಕೂಕಂಬ್ರ್,” ಎಂದರು ಅವರು. “ಎಲ್ ತಪ್ಪಿದೆ, ಎಲ್ ತಪ್ಪಿದೆ ಅಂದೇಳಿ. ಕುಂದಾಪ್ರದ ಡಾಕ್ಟ್ರ್ ಕಣ್ ಸಮಾ ಇತ್ತ್ ಅಂದ್ರೂ ನಂಬ್ಲಿಲ್ಲ. ದೋಣಿಯವ್ರ್ ಇಂಜಿನ್ ರಿಪೇರಿಗೆ ಕರೂಕೆ ಬಂದ್ರೆ, ನನ್ ಕಣ್ ಹೋಯ್ತ್, ಬೇರೆಯವ್ರನ್ನ್ ಕಾಣಿ ಅಂಬ್ರ್.”

ಮೇಸ್ತ್ರಿಯವರಿಗೆ ಏನೂ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸಿರಲೂ ಇಲ್ಲ, ಉಳಿಸಿರಲೂ ಇಲ್ಲ. ನನ್ನ ಮಾತನ್ನು ನಂಬಿದ್ದರು ಅಷ್ಟೇ. ನನ್ನನ್ನು ನಂಬಿ ತಮ್ಮ ಕಣ್ಣನ್ನು ನಂಬುವುದು ಬಿಟ್ಟಿದ್ದರು.

ಅವರ ಹೆಂಡತಿಗೆ ಅಲ್ಲಿಯೇ ಹೇಳಿಬಿಟ್ಟೆ. ಪೈಪು, ಲಾರಿ, ಜ್ವರ, ತಣಿದಿದೆ ಎಂದದ್ದು, ಎಲ್ಲ. ಅವರು ಬೈಯಲಿಲ್ಲ. ಶಾಫ್ಟನ್ನು ಸೆರಗಿನಲ್ಲಿ ಒರೆಸಿ ಅದೇ ಜಾಗದಲ್ಲಿ ಇಟ್ಟರು. ಒಂದೇ ಮಾತು ಆಡಿದರು.

“ಅವ್ರ್ ಇಪ್ಪ ಹೊತ್ತಿಗೆ ಹೇಳ್ಕಿತ್ತ್ ಮಗಾ.”

ಈ ಸೋಮವಾರ ಮೊದಲ ಶಾಫ್ಟ್ ಮೆಷಿನ್ನಿನಿಂದ ಇಳಿದಾಗ ಕೆನ್ನೆಗೆ ಹಿಡಿದೆ. ಬೆಚ್ಚಗಿತ್ತು. ಪಕ್ಕಕ್ಕಿಟ್ಟು ಕಾದೆ. ಆಚೆ ಮೆಷಿನ್ನಿನವರು ನಗುವುದು ಮೆಷಿನ್ನಿನ ಬಾಗಿಲ ಗಾಜಿನಲ್ಲಿ ಕಾಣುತ್ತಿತ್ತು, ನಗಲಿ. ತಣಿದ ಮೇಲೆ ಅಳೆದೆ, ಅಳತೆ ಸರಿಯಾಗಿತ್ತು. ಮೈಕ್ರೋಮೀಟರ್ ಒರೆಸಿ, ಹೊಸ ಕರ್ಪೂರ ಹಾಕಿ ಪೆಟ್ಟಿಗೆ ಮುಚ್ಚಿದೆ. ಅಂದು ಆ ಐದನ್ನು ಅಳೆದಾಗಲೂ ಅದು ಸರಿಯಾಗಿಯೇ ತೋರಿಸಿತ್ತು. ಅವರ ಕಣ್ಣೂ ಸರಿಯಾಗಿಯೇ ಓದಿತ್ತು. ಇದನ್ನು ಅವರೊಬ್ಬರಿಗೆ ಹೇಳಬೇಕಿತ್ತು.