ಹೆಣ್ಣೊಪ್ಪಿಸಿದ ಮಾತು

ಅಪ್ಪ ತೀರಿದ ಮರುವಾರದ ಸೋಮವಾರ, ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ನಾನು ಮೊದಲ ಸಲ ಮನೆಯಿಂದ ಹೊರಟೆ. ಎಷ್ಟೋ ವರ್ಷಗಳ ಮೇಲೆ, ಭಟ್ಕಳದಲ್ಲಿ ಮೀನಿನ ಬೋಟಿನಲ್ಲಿದ್ದಾಗ ಅಮ್ಮ ಹೇಳಿಕಳಿಸಿದಳು: ತಂಗಿಯ ಮದುವೆ, ಅಪ್ಪನ ಬದಲು ಹೆಣ್ಣೊಪ್ಪಿಸುವ ಮಾತು ನೀನೇ ಆಡಬೇಕು. ಧೈರ್ಯ ಬರಲೆಂದು ದಿನಾ ಇಂಜಿನ್ನಿನ ಪಕ್ಕ ನಿಂತು, ಅದರ ಸದ್ದು ಮೀರಿಸಿ ಆ ಮಾತು ಅಭ್ಯಾಸ ಮಾಡಿದೆ.

ಹೊನ್ನಾವರದ ಮನೆಯ ಚಪ್ಪರದಲ್ಲಿ ತಂಗಿಯ ಕೈಯನ್ನು ಅವಳ ಮಾವನ ಕೈಯಲ್ಲಿಟ್ಟೆ. "ಹುಡುಗಿ ಸಣ್ಣವಳು, ತಪ್ಪಿದರೆ ತಿದ್ದಿ, ನೋಯಿಸಬೇಡಿ" ಎಂದೆ. ಹೊರಟದ್ದು ಬೋಟಿನ ದನಿ.

"ಎಂತಕ್ಕೆ ಕೂಗ್ತೆ ಮಾರಾಯಾ? ನಾವೆಂತ ಹೊಡಿಯೂಕೆ ಕರ್ಕಂಡು ಹೋಗ್ತ್ವಾ?" ಮಾವನ ಮುಖ ಕಪ್ಪಿಟ್ಟಿತು.

ತಂಗಿ ತಲೆ ಎತ್ತಲಿಲ್ಲ. "ಸಿಟ್ಟು ಮಾಡ್ಬೇಡಿ ಮಾವ. ಅಣ್ಣಂಗೆ ಮನೆಲಿ ಮಾತಾಡಿ ರೂಢಿ ಇಲ್ಲ."

ದಿಬ್ಬಣ ಕುಮಟೆಯತ್ತ ಹೊರಟ ಮೇಲೆ ಚೀಲಕ್ಕೆ ಅಂಗಿ ತುರುಕಿದೆ. ಬೋಟಿನಲ್ಲಾದರೆ ನನ್ನ ದನಿ ಯಾರಿಗೂ ಜೋರೆನಿಸುವುದಿಲ್ಲ.