ಹುಳುಮನೆ ಅಂಜಮ್ಮನ ಬಿಳಿ ಮಾತ್ರೆ

ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುವವರಿಗೆ ಬರವಿರಲಿಲ್ಲ. ಆದರೆ ಗೂಡು ಕಟ್ಟಲು ಹಣ್ಣಾದ ಹುಳುವನ್ನು ನೋಟದಲ್ಲೇ ಗುರುತಿಸಿ, ನೋಯಿಸದೆ ಎತ್ತಿ, ಅದು ಗೂಡು ಸುತ್ತುವ ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಅಶ್ವತ್ಥಪ್ಪನ ಹೆಂಡತಿ ಅಂಜಮ್ಮನಿಗೆ ಸಾಟಿಯಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿಗೆ, ಅವಳಿಗೆ ನಲವತ್ತು ತುಂಬುವ ಮೊದಲೇ, ಆ ಬೆರಳುಗಳ ಗೆಣ್ಣು ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ತಲೆ ಬಾಚಲು ಸೊಸೆ ಬೇಕು.

ನೋವಿನೆಣ್ಣೆ ಹಚ್ಚುವಂತಿರಲಿಲ್ಲ. ಘಾಟು ಬಡಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಬೀಡಿ ಸೇದಿ ಬಂದ ಗಂಡನನ್ನೇ ಹುಳುಮನೆಯ ಬಾಗಿಲಲ್ಲಿ ತಡೆದು ಬೈಯುವವಳು ಅವಳು. ಕೋಲಾರದ ಔಷಧಿ ಅಂಗಡಿಯವನು ವಾಸನೆಯಿಲ್ಲದ ಪುಟ್ಟ ಬಿಳಿ ಮಾತ್ರೆ ಕೊಟ್ಟ. ಎರಡೇ ದಿನಕ್ಕೆ ಊತ ಇಳಿಯಿತು. ಅದು ಸ್ಟೀರಾಯ್ಡ್ ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಅದನ್ನು ನುಂಗಿಕೊಂಡೇ ಏಳೆಂಟು ವರ್ಷ ಬೆಳೆ ತೆಗೆದಳು. ಆ ಮಾತ್ರೆಯನ್ನು ಬಾಯಿಗೆ ಬಂದಂತೆ ಬೈಯುವವರು, ಅಷ್ಟು ವರ್ಷ ಅವಳ ಕೈ ನಡೆಸಿದ್ದೂ ಅದೇ ಎಂದು ಹೇಳಬೇಕು. ಮಾತ್ರೆಯಿಂದ ಮುಖ ಊದಿ ದುಂಡಗಾದಾಗ ಊರವರು "ಮೈಕೈ ತುಂಬ್ಕೊಂಡವ್ಳೆ" ಎಂದು ಮೆಚ್ಚಿದರು. ಮೆಚ್ಚುವವರಿಗೇನು! ಮುಟ್ಟಿದಲ್ಲಿ ಚರ್ಮ ಕಂದುತ್ತಿತ್ತು, ಬೆನ್ನು ಬಾಗುತ್ತಿತ್ತು.

ಹುಳುವಿಗೆ ಸೊಪ್ಪು ಹಾಕುವಷ್ಟು ದಿನ ಮಾತ್ರೆ. ಗೂಡು ಮಾರ್ಕೆಟ್ಟಿಗೆ ಹೋಯಿತೆಂದರೆ ತನಗೂ ಬಿಡುವು, ಮಾತ್ರೆಗೂ ಬಿಡುವು. ಇದು ಅವಳೇ ಮಾಡಿಕೊಂಡ ಪದ್ಧತಿ. ಎಂಬತ್ತಮೂರರಲ್ಲಿ ಒಂದರ ಬೆನ್ನಿಗೊಂದು ಬೆಳೆ ಬಂದು, ಮಾತ್ರೆಯೂ ಎರಡರಷ್ಟಾಯಿತು. ಗೂಡು ಹೋದ ದಿನವೇ ಅದನ್ನು ಪೂರಾ ನಿಲ್ಲಿಸಿದಳು. ಎರಡು ದಿನ ವಾಂತಿ ಮಾಡಿಕೊಂಡು ಒಲೆಯ ಮುಂದೆ ಕುಸಿದು ಬಿದ್ದಳು.

ಕೋಲಾರದ ಡಾಕ್ಟರು ಬೆನ್ನಿನ ಎಕ್ಸ್‌ರೇ ಹಿಡಿದುಕೊಂಡು ಹೇಳಿದರು: "ಇದನ್ನ ದಿಢೀರ್ ಅಂತ ಬಿಟ್ರೆ ಜೀವಕ್ಕೇ ಅಪಾಯ ಅಮ್ಮ. ಹೀಗೇ ನುಂಗ್ತಿದ್ರೆ ಮೂಳೆ ಉಳಿಯಲ್ಲ. ಸ್ವಲ್ಪಸ್ವಲ್ಪ ಇಳಿಸೋಣ. ಜೊತೆಗೆ ಈ ಕೀಲುವಾತಕ್ಕೆ ಚಿನ್ನದ ಇಂಜೆಕ್ಷನ್ ಕೊಡ್ತೀನಿ, ನಿಜವಾದ ಚಿನ್ನದ ಅಂಶ ಇರೋ ಔಷಧಿ. ಗುಣ ಕಾಣಕ್ಕೆ ತಿಂಗಳುಗಟ್ಟಲೆ ಬೇಕು."

"ಅಲ್ಲೀವರ್ಗೂ ಹುಳ ಯಾರು ನೋಡ್ಕೊಳ್ಳೋದು ಸಾರ್?"

"ಸೊಸೆ ನೋಡ್ಕೊತಾಳೆ ಬಿಡೇ," ಎಂದ ಅಶ್ವತ್ಥಪ್ಪ.

ಅಷ್ಟು ವರ್ಷದ ನೋವಿಗೆ ಅಳದವಳು ಆ ಮಾತಿಗೆ ಅತ್ತುಬಿಟ್ಟಳು.

ವಾರವಾರ ಬಸ್ಸು, ಸೂಜಿ, ಮೂತ್ರ ಪರೀಕ್ಷೆ. ಆ ಔಷಧಿಗೆ ಬಾಯೆಲ್ಲ ಹುಣ್ಣಾಗಿ ಸಾರಿನ ಖಾರ ಸೇರದಾಯಿತು. "ಎಲ್ರೂ ಚಿನ್ನ ಕೊರಳಿಗೆ ಹಾಕ್ಕೊಂಡ್ರೆ ನೀನು ಸೊಂಟಕ್ಕೆ ಹಾಕಿಸ್ಕೊಂಡೆ ಕಣೇ," ಎಂದು ಗಂಡ ನಗಿಸಲು ನೋಡಿದ. ಅವಳಿಗೆ ನಗುವಷ್ಟು ತ್ರಾಣವಿರಲಿಲ್ಲ.

ಆರನೇ ತಿಂಗಳಿಗೆ ಊತ ಇಳಿಯಿತು, ಕೈ ಸಡಿಲವಾಯಿತು. ಇಷ್ಟು ವರ್ಷದಲ್ಲಿ ಡೊಂಕಾಗಿಹೋಗಿದ್ದ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಆಸೆಯಿಂದ ಹುಳುಮನೆಗೆ ಹೋಗಿ ಹಣ್ಣಾದ ಹುಳುವೊಂದನ್ನು ಎತ್ತಿದಳು. ಅದು ಬೆರಳ ಸಂದಿಯಲ್ಲೇ ಅಪ್ಪಚ್ಚಿಯಾಯಿತು. ಸೊಸೆ ನೋಡಿಯೂ ನೋಡದವಳಂತೆ ಸೊಪ್ಪು ಹಾಕುತ್ತಿದ್ದಳು. ಅಂಜಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಮತ್ತೆ ಒಳಗೆ ಹೋಗಲಿಲ್ಲ.

ಮರುವರ್ಷ ಡಾಕ್ಟರು ಅವಳ ಮಣಿಕಟ್ಟು ಒತ್ತಿ ನೋಡಿ ಹಿಗ್ಗಿದರು. "ಕಾಯಿಲೆ ಹತೋಟಿಗೆ ಬಂತಮ್ಮ. ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಇರ್ತೀರಿ."

ಅಂಜಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಷ್ಟು ವರ್ಷ ಕೂತ್ಕೊಂಡು ಏನ್ ಮಾಡ್ಲಿ ಸಾರ್?"