ಕುದ್ರು ಬಾಯಿ ಮುಚ್ಚಿಕೊಂಡ ಕಾಲ

ಎದುರು ಫ್ಲ್ಯಾಟಿನವರು ಮನೆಯಲ್ಲಿ ಇಲ್ಲದಿದ್ದರೆ ಅವರ ಪಾರ್ಸೆಲನ್ನು ವಾಚ್‌ಮನ್ ನನ್ನ ಕೈಗೆ ಕೊಟ್ಟು ಹೋಗುತ್ತಾನೆ. ಇವತ್ತು ಬೆಳಿಗ್ಗೆಯೂ ಒಂದು ಬಂತು. ಸುತ್ತಲೂ ಟೇಪು ಬಿಗಿದ ರಟ್ಟಿನ ಪೆಟ್ಟಿಗೆ. ಮೇಜಿನ ಮೇಲಿಟ್ಟು ನನ್ನ ಪಾಡಿಗೆ ನಾನಿರಬಹುದಿತ್ತು. ಹಾಗೆ ಮಾಡದೆ ಎತ್ತಿ ಭಾರ ನೋಡಿದೆ, ಅಲುಗಾಡಿಸಿದೆ, ಮೂಗಿನ ಹತ್ತಿರ ತಂದೆ. ನೀವು ನಗಬಹುದು. ಪೇಟೆಯ ಈ ಬಿಜೈಗೆ ಬಂದು ಎಷ್ಟು ವರ್ಷವಾದರೂ ಬೇರೆಯವರ ಗಂಟಿನಲ್ಲಿ ಏನಿದೆಯೆಂದು ತಿಳಿಯದೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಇದು ಹುಟ್ಟುಗುಣವಲ್ಲ. ಗಂಡನ ಮನೆಯಿಂದ ಬಂದದ್ದು.

ನಾನು ಹುಟ್ಟಿ ಬೆಳೆದದ್ದು ಪೇಟೆಯ ಕದ್ರಿಯಲ್ಲಿ. ಪಕ್ಕದ ಮನೆಯವರ ಅಡುಗೆ ಏನೆಂದು ತಿಳಿಯಬೇಕಾದರೆ ಗಾಳಿ ನಮ್ಮ ಕಡೆಗೆ ಬೀಸಬೇಕು, ಅಷ್ಟು ಮರ್ಯಾದೆಯ ಬೀದಿ ನಮ್ಮದು. ಅಲ್ಲಿಂದ ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಅಳಿವೆಯ ಹತ್ತಿರದ ಒಂದು ಕುದ್ರುವಿಗೆ. ಕುದ್ರು ಎಂದರೆ ನಾಲ್ಕೂ ಕಡೆ ನೀರಿರುವ ನಡುಗಡ್ಡೆ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಸಮುದ್ರದ ಸದ್ದು, ನಡುವೆ ತೆಂಗಿನ ಮರಗಳು, ಒಂದಿಷ್ಟು ಮನೆಗಳು. ಕೆಲವು ನಮ್ಮ ಬಂಟರವು, ಕೆಲವು ಬ್ಯಾರಿ ಮುಸ್ಲಿಮರವು, ಉಳಿದವು ಮೀನಿನವರವು. ಪೇಟೆಗೆ ಹೋಗಲು ಇದ್ದದ್ದು ಲೋಕಯ್ಯಣ್ಣನ ದೋಣಿ. ಮದುವೆಯ ದಿಬ್ಬಣವೂ ಅದರಲ್ಲೇ, ಗ್ಯಾಸ್ ಸಿಲಿಂಡರೂ ಅದರಲ್ಲೇ. ನಾನು ದಿಬ್ಬಣದಲ್ಲಿ ಬಂದ ದಿನ ನನ್ನ ಪಕ್ಕದಲ್ಲಿ ಕೂತದ್ದು ಯಾರದೋ ಆಡು.

ಆ ದೋಣಿಗೆ ಒಂದು ಕ್ರಮವಿತ್ತು. ಮೊದಲು ಜನ ಹತ್ತಬೇಕು, ಆಮೇಲೆ ಚೀಲಗಳು. ದಡದಲ್ಲಿರುವವನು ಚೀಲ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ದೋಣಿಯ ನಡುವೆ ಹೋಗಿ ಕೂರುತ್ತದೆ. ದೋಣಿಯ ತೂಕ ಸರಿಯಿರಲಿ ಎಂದು ಹಾಗೆ, ಎನ್ನುತ್ತಿದ್ದ ಲೋಕಯ್ಯಣ್ಣ. ತೂಕದ ಮಾತು ನಿಜವೇ ಇರಬಹುದು. ಆದರೆ ಪ್ರತಿ ಚೀಲವೂ ಪ್ರತಿ ಕೈಯಲ್ಲೂ ಒಂದು ಗಳಿಗೆ ನಿಂತು, ತನ್ನ ವಿಷಯ ಹೇಳಿಯೇ ಮುಂದೆ ಹೋಗುತ್ತಿತ್ತು. "ಬಂಗುಡೆಯಾ? ಫ್ರೆಶ್ ಉಂಟಾ?" "ಇಷ್ಟು ಅವಲಕ್ಕಿ ಎಂತಕ್ಕೆ, ನೆಂಟರಾ?" ಮದ್ದಿನಂಗಡಿಯ ಕವರು ಕಂಡರಂತೂ ಯಾರಿಗೆ, ಯಾವಾಗಿನಿಂದ, ಯಾವ ಡಾಕ್ಟ್ರು ಎಂಬುದೆಲ್ಲ ದಡ ಸೇರುವ ಮೊದಲೇ ಇತ್ಯರ್ಥವಾಗಬೇಕು. ಹೊಸ ಮದುಮಗಳಾಗಿ ನಾನೊಂದು ನೈಟಿ ಕೊಂಡಿದ್ದೆ. ಮನೆ ಮುಟ್ಟುವಾಗ ಅತ್ತೆ ಜಗಲಿಯಲ್ಲೇ ನಿಂತು, "ಆ ನೀಲಿ ಬಣ್ಣ ಬಿಡ್ತದಂತೆ, ಬೇರೆ ಬಟ್ಟೆ ಒಟ್ಟಿಗೆ ಹಾಕ್ಬೇಡ," ಎಂದರು. ನನಗಿಂತ ಮೊದಲು ನನ್ನ ನೈಟಿ ಮನೆ ಸೇರಿತ್ತು.

ಈ ಸುದ್ದಿಗೆಲ್ಲ ಹೆಡ್ಡಾಫೀಸು ಐಸಕ್ಕನ ಮನೆ. ಪೂರ್ತಿ ಹೆಸರು ಐಸಮ್ಮ. ಗಂಡನಿಗೆ ಪೇಟೆಯಲ್ಲಿ ಒಣಮೀನಿನ ವ್ಯಾಪಾರ, ಮಗ ಗಲ್ಫಿನಲ್ಲಿ. ದೋಣಿ ನಿಲ್ಲುವ ಕಡವಿನ ಪಕ್ಕದಲ್ಲೇ ಮನೆ. ಇಡೀ ಕುದ್ರುವಿನಲ್ಲಿ ಬೇಸಗೆಯಲ್ಲೂ ಉಪ್ಪಾಗದ ಒಂದೇ ಬಾವಿ ಅವರ ಅಂಗಳದಲ್ಲಿತ್ತು. ದೋಣಿಯಿಂದ ಇಳಿದವರೂ ನೀರಿಗೆ ಬಂದವರೂ ಅವರ ಕಣ್ಣು ತಪ್ಪಿಸಲು ಸಾಧ್ಯವೇ ಇರಲಿಲ್ಲ. ಕೇಳಲು ಅವರಿಗೆ ಸಂಕೋಚವಿಲ್ಲ, ಹೇಳಲು ಮೊದಲೇ ಇಲ್ಲ. ಕದ್ರಿಯ ನನಗೆ ಅವರನ್ನು ಕಂಡರೆ ಹೆದರಿಕೆ. ಆದರೆ ಅವರು ಕಳಿಸುತ್ತಿದ್ದ ಪತ್ತಿರ್ ಎಂಬ ಅಕ್ಕಿರೊಟ್ಟಿಯನ್ನು ಕಂಡರೆ ಹೆದರಿಕೆ ಮರೆತುಹೋಗುತ್ತಿತ್ತು.

ನಾನು ಮೊದಲ ಸಲ ಬಸುರಿಯಾದಾಗ ಅದನ್ನು ಕಂಡುಹಿಡಿದದ್ದೂ ಅವರೇ. ನನ್ನ ಚೀಲದಲ್ಲಿ ಹುಣಸೆಹಣ್ಣು, ಮುಖದಲ್ಲಿ ಸುಸ್ತು. ಇಷ್ಟು ಸಾಕಾಯಿತು. ತುಂಬಿದ ದೋಣಿಯಲ್ಲಿ, "ನಮ್ಮ ಕುದ್ರಿಗೆ ಒಂದು ಜನ ಹೆಚ್ಚಾಗ್ಲಿಕ್ಕುಂಟು!" ಎಂದು ಸಾರಿಬಿಟ್ಟರು. ದೋಣಿ ಪಕ್ಕಕ್ಕೆ ವಾಲುವಷ್ಟು ಸಂಭ್ರಮ. ಮನೆಮನೆಯಿಂದ ತಿಂಡಿ ಬಂತು. ಮೂರನೇ ತಿಂಗಳಲ್ಲಿ ಗರ್ಭ ಹೋಯಿತು.

ಆಗ ಬಂದವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರೀತಿಯೂ ಸರದಿಯಲ್ಲಿ ಬಂದರೆ ತಡೆಯುವುದು ಕಷ್ಟ. ನಾನು ಪೇಟೆಯ ಬಾಲವಾಡಿಯೊಂದರಲ್ಲಿ ಪಾಠ ಹೇಳುತ್ತಿದ್ದೆ, ದಿನಾ ದೋಣಿ ಹತ್ತಲೇಬೇಕು. ಪ್ರತಿ ದಿನ ಯಾರಾದರೊಬ್ಬರು ಮೆಲ್ಲಗೆ, "ಈಗ ಹೇಗುಂಟು ಮಗಾ?" ಎನ್ನುವರು. ಆರುತ್ತಿದ್ದ ಗಾಯ ಮತ್ತೆ ಒದ್ದೆಯಾಗುತ್ತಿತ್ತು. ಹೋಟೆಲಿನಲ್ಲಿ ಮೆನೇಜರಾಗಿದ್ದ ನನ್ನ ಗಂಡನಿಗೆ ಹೇಳಿದೆ: ಬಿಜೈಯಲ್ಲಿ ಒಂದು ಬಾಡಿಗೆ ಮನೆ ನೋಡಿ, ಇಲ್ಲದಿದ್ದರೆ ನಾನು ಕದ್ರಿಗೆ ಹೋಗಿ ಕೂರುತ್ತೇನೆ. ಅವರು 'ನೋಡುವ' ಎಂದರು. ಗಂಡಂದಿರ 'ನೋಡುವ' ಎಷ್ಟು ದೂರ ಹೋಗುತ್ತದೆಂದು ನಿಮಗೂ ಗೊತ್ತಿದೆ.

ಮರುವರ್ಷ ಮತ್ತೆ ಮುಟ್ಟು ನಿಂತಾಗ ನಾನು ಗಟ್ಟಿ ಮನಸ್ಸು ಮಾಡಿದೆ. ಈ ಸಲ ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಕದ್ರಿಯ ಅಮ್ಮನಿಗೂ ಮಾತ್ರ. ಅತ್ತೆಗೆ ಕೂಡ ಇಲ್ಲ. ಈ ಗರ್ಭವೂ ಉಳಿಯದಿದ್ದರೆ ಆ ದುಃಖ ನನ್ನೊಬ್ಬಳದೇ ಆಗಿರಲಿ, ದೋಣಿಯದ್ದಾಗುವುದು ಬೇಡ. ಮಾತ್ರೆಗಳನ್ನು ಮಕ್ಕಳ ಕ್ರಯಾನ್ ಡಬ್ಬದೊಳಗೆ ತುಂಬಿದೆ, ಡಬ್ಬವನ್ನು ಚೀಲದ ತಳಕ್ಕೆ ತುರುಕಿದೆ. ಚೀಲವನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೂತೆ. ಆ ದೋಣಿಯ ಚರಿತ್ರೆಯಲ್ಲೇ ಯಾರೂ ಹಾಗೆ ಕೂತಿರಲಿಲ್ಲ. ಗುಟ್ಟು ಕಾಪಾಡುವ ನನ್ನ ಜಾಣತನ ಎಂತಹದೆಂದು ಈಗ ನೆನೆದರೆ ನಗು ಬರುತ್ತದೆ.

ವಿಚಿತ್ರವೆಂದರೆ ಯಾರೂ ಏನೂ ಕೇಳಲಿಲ್ಲ. ಮರುದಿನವೂ ಇಲ್ಲ. ನಾನು ಹತ್ತಿದ ಕೂಡಲೇ ನಡೆಯುತ್ತಿದ್ದ ಮಾತು ನಿಂತು, ಎಲ್ಲರೂ ಒಟ್ಟಾಗಿ ಆಕಾಶ ನೋಡಿ, "ಎಂತ ಸೆಕೆ ಮಾರಾಯ್ರೆ!" ಎನ್ನುವರು. ಮಳೆ ಹೊಯ್ಯುತ್ತಿದ್ದರೂ ಸೆಕೆ. ಲೋಕಯ್ಯಣ್ಣ ನನಗಾಗಿ ಮಾತ್ರ ದಡದಿಂದ ದೋಣಿಗೆ ಅಗಲದ ಹಲಗೆ ಹಾಕತೊಡಗಿದ. ಏಕೆಂದರೆ, "ಅಂಚಿಗೆ ಪೈಂಟ್ ಕೊಟ್ಟದ್ದು, ಟೀಚರ್. ಒಣಗ್ಲಿಲ್ಲ." ವಾರಗಟ್ಟಲೆ ಒಣಗದ ಆ ಪೈಂಟು ಉಳಿದವರ ಕಾಲಿಗೆ ಮಾತ್ರ ಅಂಟುತ್ತಿರಲಿಲ್ಲ. ನಾನು ಬಾವಿಗೆ ಹೊರಡುವ ಮೊದಲೇ ಐಸಕ್ಕನ ಮಗಳು ತುಂಬಿದ ಕೊಡ ತಂದಿಟ್ಟು, "ನಿಮ್ಮ ಕೊಡ ನಮ್ಮಲ್ಲಿ ಬಾಕಿ ಆಗಿತ್ತು," ಎಂದು ಓಡಿಹೋಗುವಳು. ಅದೇ ಕೊಡ ದಿನಾ ಬಾಕಿಯಾಗುತ್ತಿತ್ತು. ಇತ್ತ ಅತ್ತೆಗೆ ಆ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹುಳಿಯ ಆಸೆ ಹುಟ್ಟಿತು. ಬಿಂಬುಳಿಯ ಉಪ್ಪಿನಕಾಯಿ, ಮಾವಿನಕಾಯಿ ಚಟ್ನಿ ಎಂದು ಮಾಡುವರು, ಒಂದು ಚೂರು ನಾಲಿಗೆಗೆ ತಾಗಿಸಿ, "ಹಲ್ಲು ಚುಳಿ ಆಗ್ತದೆ, ನೀನೇ ತಿನ್ನು," ಎಂದು ನನ್ನ ಕಡೆ ತಳ್ಳುವರು.

ಇಷ್ಟೆಲ್ಲ ಕಂಡೂ ನನಗೆ ಹೊಳೆದದ್ದೇನು ಗೊತ್ತೇ? ಇವರಿಗೆಲ್ಲ ನನ್ನ ಮೇಲೆ ಸಿಟ್ಟು ಬಂದಿದೆ ಎಂದು! ಚೀಲ ಕೊಡದೆ ಕೂತದ್ದಕ್ಕೆ, ಕದ್ರಿಯವಳಿಗೆ ಧಿಮಾಕು ಎಂದು ಮಾತು ಬಿಟ್ಟಿದ್ದಾರೆ ಎಂದು. ಯಾರೂ ಕೇಳದಿದ್ದರೆ ಸಾಕು ಎಂದು ಹರಕೆ ಹೊತ್ತವಳಿಗೆ ಈಗ ಯಾರೂ ಕೇಳುವುದಿಲ್ಲವಲ್ಲ ಎಂದು ಅಳು ಬರತೊಡಗಿತು. ಕೊನೆಗೊಂದು ಸಂಜೆ ದೋಣಿಯಿಂದ ಇಳಿದವಳೇ ಸೀದಾ ಐಸಕ್ಕನ ಅಡುಗೆಮನೆಗೆ ಹೋದೆ. ಅವರು ಮೀನು ಕೊಯ್ಯುತ್ತಿದ್ದರು.

"ನಾನು ಎಂತ ತಪ್ಪು ಮಾಡಿದ್ದೇನೆ, ಐಸಕ್ಕ? ಯಾಕೆ ನನ್ನ ಹತ್ರ ಯಾರೂ ಮಾತಾಡುದಿಲ್ಲ?" ಎಂದೆ. ಮಾತಿನ ಕೊನೆಯಲ್ಲಿ ಅತ್ತೇಬಿಟ್ಟೆ.

ಐಸಕ್ಕ ಮೀನಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು. ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಮುಖ ನೋಡಿದರು.

"ಮಗಾ," ಎಂದರು, "ನೀನು ಬಾಯಿ ಬಿಟ್ರೆ ಮಾತ್ರ ನಾವು ಬಿಡ್ಲಿಕ್ಕಾಗುದು. ಕಟ್ಟಿ ಕಟ್ಟಿ ಇಟ್ಟು ನನ್ನ ಹೊಟ್ಟೆ ನಿನ್ನದಕ್ಕಿಂತ ಮೊದಲು ಉಬ್ಬಿದೆ!"

ಅಳುತ್ತಲೇ ನಕ್ಕೆ. "ಐದನೇ ತಿಂಗಳು," ಎಂದೆ.

ಐಸಕ್ಕ ಸೆರಗನ್ನೂ ಸರಿಮಾಡಿಕೊಳ್ಳದೆ ಕಡವಿಗೆ ಓಡಿ, ನಡುನೀರಿನಲ್ಲಿದ್ದ ದೋಣಿಗೆ ಕೇಳುವಂತೆ, "ಹೇಳಿದ್ಳು! ಅವಳೇ ಹೇಳಿದ್ಳು!" ಎಂದು ಕೂಗಿದರು. ನಾನು ಮನೆ ಮುಟ್ಟುವಾಗ ಅಂಗಳ ತುಂಬಿತ್ತು. ಅತ್ತೆ ಮಾತ್ರ ಏನೂ ತಿಳಿಯದವರಂತೆ, "ಹೌದಾ? ನನಗೆ ಗೊತ್ತೇ ಇಲ್ಲ!" ಎಂದು ನಟಿಸಲು ಹೋಗಿ ಎಲ್ಲರನ್ನೂ ನಗಿಸಿದರು. ಮರುದಿನ ಲೋಕಯ್ಯಣ್ಣನ ಪೈಂಟು ಒಣಗಿತ್ತು. ಹಲಗೆ ಮಾತ್ರ ಹೆರಿಗೆಯವರೆಗೂ ಇತ್ತು.

ಮಗಳು ಹುಟ್ಟಿದಳು, ಶಾಲೆಗೆ ಸೇರುವಾಗ ನಾವು ಬಿಜೈಗೆ ಬಂದೆವು, ಕುದ್ರುವಿಗೆ ಸೇತುವೆಯಾಯಿತು. ಈ ಕಥೆಯನ್ನು ನಾನು ಮದುವೆ ಮುಂಜಿಗಳಲ್ಲಿ ಹೇಳಿ ಹೇಳಿ ಜನರನ್ನು ನಗಿಸಿದ್ದೇನೆ. ಮೀನಿನ ಬೆಲೆಯನ್ನೂ ಗುಟ್ಟಾಗಿ ಇಡಲಾಗದ ಊರು ನನ್ನ ಗುಟ್ಟನ್ನು ತಿಂಗಳುಗಟ್ಟಲೆ ಹೊತ್ತಿತು ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು. ಮೊನ್ನೆಯವರೆಗೆ.

ಐಸಕ್ಕನಿಗೆ ಈಗ ತುಂಬ ವಯಸ್ಸಾಗಿದೆ. ಬಿಕರ್ನಕಟ್ಟೆಯ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ನೋಡಲು ಹೋದೆ. ನನ್ನ ಮಗಳ ಕ್ಷೇಮ ಕೇಳಿದರು, ಅವಳ ಕೆಲಸ, ಸಂಬಳ, ಗಂಡು ನೋಡಿದ್ದೇವೋ ಇಲ್ಲವೋ, ಎಲ್ಲವನ್ನೂ ಕೇಳಿದರು. ಅವರ ಮಗಳು ಚಹಾ ಮಾಡಲು ಒಳಗೆ ಹೋದ ಮೇಲೆ ದನಿ ತಗ್ಗಿಸಿ, "ಒಂದು ಕೇಳ್ಲಾ? ಬೇಜಾರ ಮಾಡ್ಬಾರ್ದು," ಎಂದರು. ಕೇಳಲು ಅವರು ಅಪ್ಪಣೆ ಬೇಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮೊದಲಿನದ್ದು ಹೋಯ್ತಲ್ಲ, ಅದನ್ನು ದೋಣಿಯಲ್ಲಿ ಹೇಳಿದ್ದು ನಾನಲ್ವಾ. ನನ್ನ ಬಾಯಿ ತಾಗಿಯೇ ಹೋದದ್ದಾ ಮಗಾ?"

ನಾನು ಎದ್ದು ಅವರ ಪಕ್ಕಕ್ಕೆ ಬಂದು ಕೂತೆ.

"ನೀನು ಚೀಲ ಅಪ್ಪಿ ಕೂತದ್ದು ನೋಡಿಯೇ ಎರಡನೇದ್ದು ಗೊತ್ತಾಯ್ತು. ಅವತ್ತೇ ನಾನು ಮನೆಮನೆಗೆ ಹೋದೆ. ಎಲ್ಲರ ಕೈ ಹಿಡಿದು ಕೇಳಿಕೊಂಡೆ, ಒಂದು ಮಾತು ಆಡ್ಬೇಡಿ ಅಂತ. ನಿನ್ನ ಅತ್ತೆಯ ಹತ್ರ ಸಹ. ಆದ್ರೆ ಮೊದಲಿನದ್ದು ನನ್ನ ಮನಸ್ಸಿಂದ ಹೋಗ್ಲೇ ಇಲ್ಲ. ನಿನ್ನ ಹತ್ರ ಕೇಳ್ಲಿಕ್ಕೆ ಹೆದರಿಕೆ."

ನಾನು ನಗಿಸುತ್ತಾ ಬಂದ ಕಥೆಯ ಅಡಿಯಲ್ಲಿ ಇದು ಇಷ್ಟು ವರ್ಷ ಕೂತಿತ್ತು. ಆ ದುಃಖ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದರ ಅರ್ಧವನ್ನು ಇವರು ನನಗೆ ತಿಳಿಯದಂತೆ ಹೊತ್ತುಕೊಂಡು ಬಂದಿದ್ದರು.

"ಐಸಕ್ಕ, ಡಾಕ್ಟ್ರು ಅವತ್ತೇ ಹೇಳಿದ್ದಾರೆ, ಅದು ಶುರುವಿಂದಲೇ ಸರಿ ಬೆಳೆದಿರ್ಲಿಲ್ಲ ಅಂತ. ನೀವು ಹೇಳಿದ್ರೂ ಹೋಗ್ತಿತ್ತು, ಹೇಳದಿದ್ರೂ ಹೋಗ್ತಿತ್ತು."

"ಸತ್ಯವಾ?"

"ನಿಮ್ಮಾಣೆ."

"ಹಾಗಾದ್ರೆ ನಾನಲ್ಲ."

"ನೀವಲ್ಲ."

ಅವರು ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಕಣ್ಣು ತೆರೆದು, "ಕಿವಿ ಸರಿ ಕೇಳುದಿಲ್ಲ ನನಗೆ. ಇನ್ನೊಮ್ಮೆ ಹೇಳು," ಎಂದರು. ಅವರ ಕಿವಿ ಚೆನ್ನಾಗಿಯೇ ಇದೆ. ನಾನು ಇನ್ನೊಮ್ಮೆ ಹೇಳಿದೆ.